ರಿಸರ್ವ್ ಬ್ಯಾಂಕಿನ ಗಾದಿ: ಪಂಡಿತರಿಗೋ, ಆಡಳಿತಗಾರರಿಗೋ?

ರಿಸರ್ವ್ ಬ್ಯಾಂಕಿಗೆ ಗವರ್ನರ್ ಯಾರಾದರೇನು ಎಂದು ಯಲ್ಲಾಪುರ ತಾಲ್ಲೂಕಿನ ನಂದೊಳ್ಳಿಯ ತೋಟಿಗರು ಕೇಳಿದರೆ ತಪ್ಪೇನೂ ಇಲ್ಲ. ಸೊಸೈಟಿಯ ಬೆಳೆಸಾಲದ ಬಡ್ಡಿ ಬಹುಮಟ್ಟಿಗೆ ಸರ್ಕಾರದ ತೀರ್ಮಾನ. ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದ್ದು ಕರ್ನಾಟಕದ 2023ರ ಬಜೆಟ್. ಆದರೆ ಅದೇ ಮನೆಯವರು ವಾಣಿಜ್ಯ ಬ್ಯಾಂಕಿನಲ್ಲಿ ಮನೆಸಾಲ ಎತ್ತಿದ್ದರೆ ಮಾತು ಬೇರೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಹೋದದ್ದು ಅವರ ಕಂತಿಗೋ ಕಂತುಗಳ ಸಂಖ್ಯೆಗೋ ತಟ್ಟಿರುತ್ತದೆ. ಈ ದರದ ಮೇಲೆ ಕೈಯಿಟ್ಟು ಕೂರುವವರು ವೃತ್ತಿಯಿಂದ ಅರ್ಥಶಾಸ್ತ್ರಜ್ಞರಾಗಿರಬೇಕೇ, ಆಡಳಿತದಲ್ಲಿ ನುರಿತವರಾದರೆ ಸಾಕೇ ಎಂಬ ವಿವಾದ ಹಳೆಯದು. ಎರಡೂ ಕಡೆ ತೂಕದ ಮಾತುಗಳಿವೆ.

ಅರ್ಥಶಾಸ್ತ್ರಜ್ಞರ ಪರವಾದ ಮುಖ್ಯ ವಾದ ಮುನ್ನೋಟದ್ದು. ದರ ಏರಿಸಿದ ಪರಿಣಾಮ ಕಾಣಲು ತಿಂಗಳುಗಳೇ ಬೇಕು. ಆದ್ದರಿಂದ ಇಂದಿನ ಬೆಲೆ ನೋಡಿ ನಾಳಿನದನ್ನು ನಿರ್ಧರಿಸುವವರಿಗೆ ಸಿದ್ಧಾಂತದ ಆಸರೆ ಅನಿವಾರ್ಯ. ಮುಂದೆ ಗವರ್ನರ್ ಆದ ರಘುರಾಮ್ ರಾಜನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದಾಗ, 2005ರಲ್ಲೇ, ಹಣಕಾಸು ವ್ಯವಸ್ಥೆಯೊಳಗೆ ಅಪಾಯ ಕೂಡಿಬರುತ್ತಿದೆ ಎಂದು ಎಚ್ಚರಿಸಿದ್ದರು. ಆಗ ಹಲವರಿಗೆ ಅದು ರುಚಿಸಲಿಲ್ಲ. ಮೂರು ವರ್ಷಕ್ಕೆ ಬಿಕ್ಕಟ್ಟು ಬಂತು. ಎರಡನೆಯ ವಾದ ಸ್ವಾತಂತ್ರ್ಯದ್ದು. ಮೈಸೂರಿನಲ್ಲಿ ಓದಿ ಬೆಳೆದ ಗೀತಾ ಗೋಪಿನಾಥ್ ಹಾರ್ವರ್ಡ್‌ನಿಂದ 2019ರಲ್ಲಿ ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರಾಗಿ ಹೋಗಿ, 2022ರಲ್ಲಿ ಅಲ್ಲಿನ ಎರಡನೆಯ ಸ್ಥಾನಕ್ಕೇರಿ, 2025ರಲ್ಲಿ ಮತ್ತೆ ಹಾರ್ವರ್ಡ್‌ಗೆ ಮರಳಿದರು. ಹಿಂತಿರುಗಲು ಪಾಠದ ಕೋಣೆಯೊಂದು ಇರುವವರಿಗೆ ಆಳುವವರ ಎದುರು ‘ಆಗದು’ ಎನ್ನುವುದು ತುಸು ಸುಲಭ ಎಂಬುದು ಈ ಪಕ್ಷದವರ ನಂಬಿಕೆ.

ಆಡಳಿತಗಾರರ ಪರ ವಾದಿಸುವವರು ಕರಾವಳಿಯ ಒಂದು ಹೆಸರನ್ನು ಮುಂದಿಡಬಹುದು. ಮಂಗಳೂರಿನ ಬೆನೆಗಲ್ ಕುಟುಂಬದ ರಾಮರಾವ್, ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಅವರ ಸಹೋದರರು, ಐಸಿಎಸ್ ಅಧಿಕಾರಿ. ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿ, ಮುಂಬೈ ಬಂದರು ಮಂಡಳಿಯ ಅಧ್ಯಕ್ಷ, ಜಪಾನ್ ಮತ್ತು ಅಮೆರಿಕದಲ್ಲಿ ರಾಜತಾಂತ್ರಿಕ: ಇಷ್ಟೆಲ್ಲ ಆದ ಮೇಲೆ 1949ರ ಜುಲೈಯಲ್ಲಿ ಗವರ್ನರ್ ಆದರು. ಏಳೂವರೆ ವರ್ಷದ ಆ ಅವಧಿಯಷ್ಟು ದೀರ್ಘಕಾಲ ಬೇರಾರೂ ಆ ಹುದ್ದೆಯಲ್ಲಿದ್ದಿಲ್ಲ. ಬಂದ ಮೂರೇ ತಿಂಗಳಲ್ಲಿ ರೂಪಾಯಿಯ ಅಪಮೌಲ್ಯವನ್ನು ನಿಭಾಯಿಸಬೇಕಾಯಿತು. ಅದಕ್ಕಿಂತ ದೊಡ್ಡದು ಅವರ ಕಾಲದಲ್ಲಿ, 1951ರಲ್ಲಿ, ಶುರುವಾದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ನಡೆದ ವಿಚಾರಣೆ ಕಂಡದ್ದು ಇದು: ರೈತನ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಸುಮಾರು ಶೇ 3, ಲೇವಾದೇವಿಗಾರರದು ಶೇ 70ರ ಹತ್ತಿರ. ವರದಿ ಬಂದದ್ದು 1954ರಲ್ಲಿ. ಅದರ ಶಿಫಾರಸಿನಂತೆ ಇಂಪೀರಿಯಲ್ ಬ್ಯಾಂಕು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಯಿತು. ದರದ ಹಗ್ಗವನ್ನು ಮುಂಬೈಯಲ್ಲಿ ಎಳೆದರೆ ಹಳ್ಳಿಯ ತನಕ ಅದು ತಲುಪುತ್ತದೆಯೇ ಎಂದು ಮೊದಲು ನೋಡಬೇಕು ಎಂಬ ಬುದ್ಧಿ ಇದು. ಅದು ಆಡಳಿತದ ಅನುಭವದಿಂದ ಬರುವಂಥದು ಎನ್ನುತ್ತಾರೆ ಈ ಕಡೆಯವರು. (ಒಂದು ಅಡ್ಡಮಾತು: ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದ ಶಿರಸಿಯಲ್ಲಿ ಅಡಿಕೆ ಬೆಳೆಗಾರರು 1923ರಲ್ಲೇ ತಮ್ಮ ಸೇಲ್ ಸೊಸೈಟಿ ಕಟ್ಟಿಕೊಂಡಿದ್ದರು. ದೇಶದ ಸರಾಸರಿಯಲ್ಲಿ ಇಂಥ ಊರುಗಳು ಕಾಣುವುದಿಲ್ಲ. ಸಮೀಕ್ಷೆಗೂ ಮಿತಿಯಿದೆ.)

ಆಡಳಿತಗಾರರ ಪರವಾದ ಈ ಮಾತಿಗೆ ಪ್ರತಿವಾದವೂ ರಾಮರಾಯರ ಬದುಕಿನಲ್ಲೇ ಇದೆ. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ 1956ರ ಕೊನೆಯಲ್ಲಿ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕ ಏರಿಸಿದರು. ಪರಿಣಾಮದಲ್ಲಿ ಅದು ಬ್ಯಾಂಕ್ ದರವನ್ನೇ ಏರಿಸಿದಂತೆ, ತಮ್ಮ ಅಧಿಕಾರದಲ್ಲಿ ಕೈಹಾಕಿದಂತೆ ಎಂದು ಗವರ್ನರ್ ಆಕ್ಷೇಪಿಸಿದರು. ಪ್ರಧಾನಿ ನೆಹರೂ ಮಂತ್ರಿಯ ಕಡೆ ನಿಂತರು. 1957ರ ಜನವರಿಯಲ್ಲಿ ರಾಮರಾವ್ ಹೊರನಡೆದರು. ಸರ್ಕಾರದೊಳಗೇ ಬೆಳೆದವರನ್ನು ಸರ್ಕಾರ ತನ್ನ ಇಲಾಖೆಯ ಅಧಿಕಾರಿಯಂತೆಯೇ ಕಾಣುತ್ತದೆ ಎಂದು ಅರ್ಥಶಾಸ್ತ್ರಜ್ಞರ ಪಕ್ಷ ಹೇಳಬಹುದು. ಆದರೆ ಈ ವಾದಕ್ಕೆ ಪೂರ್ತಿ ಒಪ್ಪಿಗೆ ಕೊಡುವುದು ಕಷ್ಟ. ರಾಜೀನಾಮೆ ಕೊಟ್ಟು 1937ರಲ್ಲಿ ಹುದ್ದೆ ತೊರೆದ ಮೊದಲ ಗವರ್ನರ್ ಓಸ್ಬೋರ್ನ್ ಸ್ಮಿತ್ ವೃತ್ತಿಯಿಂದ ಬ್ಯಾಂಕರ್. ಸರ್ಕಾರದೊಂದಿಗಿನ ಜಟಾಪಟಿಯ ನಡುವೆ, ವೈಯಕ್ತಿಕ ಕಾರಣ ನೀಡಿ, 2018ರ ಡಿಸೆಂಬರಿನಲ್ಲಿ ಹೊರಬಂದ ಊರ್ಜಿತ್ ಪಟೇಲ್ ಅಪ್ಪಟ ಅರ್ಥಶಾಸ್ತ್ರಜ್ಞ. ಮೂವರ ಹಿನ್ನೆಲೆ ಮೂರು ಬಗೆ, ಕೊನೆ ಹೆಚ್ಚುಕಡಿಮೆ ಒಂದೇ.

ಪಟೇಲರ ಉತ್ತರಾಧಿಕಾರಿ ಶಕ್ತಿಕಾಂತ ದಾಸ್ ಇತಿಹಾಸ ಓದಿದ ಐಎಎಸ್ ಅಧಿಕಾರಿ. ಕೋವಿಡ್ ಕಾಲದಲ್ಲಿ ಕಂತು ಮುಂದೂಡಿಕೆ, ನಗದು ಹರಿವು ಇವನ್ನು ಸರ್ಕಾರದೊಡನೆ ಕೈಜೋಡಿಸಿ ತ್ವರಿತವಾಗಿ ನಡೆಸಿದ್ದು ಆಡಳಿತದ ಪಳಗಿದ ಕೈ ಎಂದು ಒಂದು ಕಡೆ. ಶೇ 4ರ ಗುರಿ, ಮೇಲೆ ಕೆಳಗೆ ಶೇ 2ರ ಅವಕಾಶ ಎಂಬ 2016ರ ಕಾನೂನಿನ ಚೌಕಟ್ಟನ್ನು 2022ರಲ್ಲಿ ಹಣದುಬ್ಬರ ಮೂರು ತ್ರೈಮಾಸಿಕ ಸತತವಾಗಿ ಮೀರಿ, ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ವಿವರಣೆ ಬರೆಯಬೇಕಾಯಿತು. ದರ ಏರಿಕೆ ತಡವಾಯಿತು ಎಂದು ಇನ್ನೊಂದು ಕಡೆ. ಯುಕ್ರೇನ್ ಯುದ್ಧವನ್ನು ಯಾವ ಪಂಡಿತರು ತಾನೇ ಲೆಕ್ಕಹಾಕಿದ್ದರು ಎಂಬ ಮರುಪ್ರಶ್ನೆಗೂ ನ್ಯಾಯವಿದೆ.

ಹಾಗೆ ನೋಡಿದರೆ ಈ ಎರಡು ಜಾತಿಗಳ ನಡುವಿನ ಗೆರೆಯೂ ತೆಳು. ಹಿಂದೆ ಗವರ್ನರ್ ಆಗಿದ್ದ ವೈ.ವಿ. ರೆಡ್ಡಿ, ಸುಬ್ಬರಾವ್ ಇಬ್ಬರೂ ಐಎಎಸ್, ಇಬ್ಬರೂ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಆದ್ದರಿಂದ ಗಾದಿಯ ಮೇಲಿನ ಒಬ್ಬರಿಗಿಂತ ಅವರ ಸುತ್ತ ಕೂರುವವರನ್ನು ನೋಡುವುದು ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿಯಲ್ಲಿ ಎ.ಡಿ. ಗೋರವಾಲಾ ಮತ್ತು ಬಿ. ವೆಂಕಟಪ್ಪಯ್ಯ ಐಸಿಎಸ್‌ನವರು, ಡಿ.ಆರ್. ಗಾಡಗೀಳ್ ಅರ್ಥಶಾಸ್ತ್ರಜ್ಞರು, ಎನ್.ಎಸ್.ಆರ್. ಶಾಸ್ತ್ರಿ ಸಂಖ್ಯಾಶಾಸ್ತ್ರದವರು. ಇಂದಿನ ಹಣಕಾಸು ನೀತಿ ಸಮಿತಿಯ ಆರು ಜನರಲ್ಲಿ ಮೂವರು ಹೊರಗಿನವರು, ಈವರೆಗೆ ಬಂದವರು ಬಹುಮಟ್ಟಿಗೆ ಅರ್ಥಶಾಸ್ತ್ರ ಅಥವಾ ಹಣಕಾಸು ಅಧ್ಯಯನದವರೇ. ಗವರ್ನರ್ ಆಡಳಿತದಿಂದ ಬಂದಾಗ ಈ ಏರ್ಪಾಡು ಸರಿಯೇ ಇರಬಹುದು. ಪಂಡಿತರೇ ಗವರ್ನರ್ ಆದಾಗ ಮಾತ್ರ ಹೊರಗಿನ ಮೂವರಲ್ಲಿ ಒಂದು ಕುರ್ಚಿಯನ್ನು ಸಹಕಾರಿ ಸಾಲದ ಒಳಹೊರಗು ಬಲ್ಲವರಿಗೆ ಬಿಡುವುದು ಮೇಲೇನೋ. ಈಗಿನ ಗವರ್ನರ್ ಸಂಜಯ್ ಮಲ್ಹೋತ್ರ ಅವರ ಮೂರು ವರ್ಷದ ಅವಧಿ 2027ರ ಡಿಸೆಂಬರಿಗೆ ಮುಗಿಯುತ್ತದೆ. ಮುಂದಿನ ಹೆಸರನ್ನು ಹುಡುಕುವವರು ಸಮಿತಿಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಕೂರಬಹುದು.