ಅಮ್ಮನ ಗಡ್ಡೆ, ಮಕ್ಕಳ ಸಭೆ ಮತ್ತು ಕಳೆದುಹೋದ ಎಂಟು ತಿಂಗಳು

ಲಿಂಗಸುಗೂರಿನಲ್ಲಿ ನಮ್ಮ ಪರಿಚಯದ ಒಂದು ಮನೆ. ತಾಯಿಯ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಲಜ್ಜೆಯಿಂದ ಆಕೆ ಬಹುಕಾಲ ಯಾರಿಗೂ ಹೇಳಿರಲಿಲ್ಲ. ಬಯಾಪ್ಸಿಯ ವರದಿ ಬಂದ ರಾತ್ರಿ ಮಕ್ಕಳೆಲ್ಲ ಸಭೆ ಸೇರಿದರು. ಸಿಂಧನೂರಿನಲ್ಲಿ ಅಕ್ಕಿಯ ವ್ಯಾಪಾರ ಮಾಡುವ ಹಿರಿಯ ಮಗ, ಹೈದರಾಬಾದಿಗೆ ಕರೆದೊಯ್ದು ಆಪರೇಷನ್ ಮಾಡಿಸೋಣವೆಂದ. ಕತ್ತಿ ತಾಗಿದರೆ ರೋಗ ಮೈಯೆಲ್ಲ ಹರಡುತ್ತದೆ, ಮೊದಲು ತೊಗಟೆಯ ಮದ್ದು ನೋಡೋಣ ಎಂಬುದು ಮಸ್ಕಿಯ ಅಳಿಯನ ವಾದ. ಒಬ್ಬರು ಕಲೌಂಜಿ ಎಂದರು, ಇನ್ನೊಬ್ಬರು ಹಿಜಾಮ ಎಂದರು. ಎಲ್ಲರೂ ಮಾತನಾಡಿದರು, ಒಳಕೋಣೆಯಲ್ಲಿ ಮಲಗಿದ್ದ ತಾಯಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಆಕೆಗೆ ರೋಗದ ಹೆಸರನ್ನೇ ಹೇಳಿರಲಿಲ್ಲ. ಎಂಟು ತಿಂಗಳ ನಂತರ ಶಸ್ತ್ರಚಿಕಿತ್ಸೆಗೆಂದು ಹೋದಾಗ ರೋಗ ಮೂಳೆಗೆ ಇಳಿದಿತ್ತು.

ಆ ಅಳಿಯನನ್ನು ಮೂಢನೆಂದು ಜರೆಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ತೊಗಟೆಯ ಔಷಧಿ ಕೊಡುತ್ತಿದ್ದ ಕಾಲದಲ್ಲಿ ನಾಡಿನ ಮೂಲೆಮೂಲೆಗಳಿಂದ ಜನರು ಬಂದು ರಾತ್ರಿಯಿಡೀ ಸರದಿಯಲ್ಲಿ ನಿಲ್ಲುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡರು. ಆ ಸರದಿಯಲ್ಲಿ ವಿದ್ಯಾವಂತರೂ ಇದ್ದರು, ಎಲ್ಲ ಧರ್ಮದವರೂ ಇದ್ದರು. ದೊಡ್ಡ ಆಸ್ಪತ್ರೆಯಲ್ಲಿ ದಿನವಿಡೀ ಕಾದು ಎರಡು ನಿಮಿಷದ ಮಾತೂ ದೊರೆಯದೆ ಹಿಂದಿರುಗಿದವನಿಗೆ, ಕೈಹಿಡಿದು ಮಾತನಾಡಿಸುವ ನಾಟಿ ವೈದ್ಯ ಅಥವಾ ಹಕೀಮ ಹತ್ತಿರದವನಾಗಿ ಕಾಣುವುದು ಸಹಜ. ಜನರನ್ನು ಅತ್ತ ದೂಡುವುದರಲ್ಲಿ ನಮ್ಮ ಆಸ್ಪತ್ರೆಗಳ ಪಾಲೂ ಇದೆ.

ಆದರೆ ಸಾಂತ್ವನ ಬೇರೆ, ಚಿಕಿತ್ಸೆ ಬೇರೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ದೇಹದ ದೂರದ ಭಾಗಗಳಿಗೆ ಹರಡದ ಕ್ಯಾನ್ಸರ್ ಇದ್ದರೂ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಮದ್ದನ್ನಷ್ಟೇ ಆರಿಸಿಕೊಂಡ 281 ಮಂದಿಯನ್ನು, ಅಂತಹುದೇ ರೋಗಕ್ಕೆ ಆಸ್ಪತ್ರೆಯ ಚಿಕಿತ್ಸೆ ಪಡೆದ 560 ಮಂದಿಯೊಂದಿಗೆ ಅವರು ಹೋಲಿಸಿ ನೋಡಿದರು. ಪರ್ಯಾಯವನ್ನಷ್ಟೇ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರಿನಲ್ಲಂತೂ ಅದು ಐದು ಪಟ್ಟನ್ನೂ ಮೀರಿತ್ತು. ಗುಣವಾಗಬಹುದಾದ ಕ್ಯಾನ್ಸರಿನಲ್ಲಿಯೇ ಕಳೆದುಕೊಳ್ಳುವುದು ಹೆಚ್ಚು ಎಂಬುದನ್ನು ನಾವು ಗಮನಿಸಬೇಕು.

ಕತ್ತಿ ತಾಗಿದರೆ ಹರಡುತ್ತದೆ ಎಂಬ ಮಾತಿನ ಮೂಲವೂ ತಡವೇ ಆಗಿದೆ. ರೋಗ ಹರಡಿದ ಮೇಲೆ ಆಸ್ಪತ್ರೆಗೆ ಹೋದವರು ಆಪರೇಷನ್ ನಂತರ ತೀರಿಕೊಂಡಾಗ ಊರಿನವರು ದೂರುವುದು ಕತ್ತಿಯನ್ನು, ಕಳೆದುಹೋದ ತಿಂಗಳುಗಳನ್ನಲ್ಲ. ಯುನಾನಿಯ ಹೆಸರು ಹೇಳುವವರು ತಮ್ಮ ಪೂರ್ವಜರ ಮಾತನ್ನಾದರೂ ಕೇಳಲಿ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕುರ್ತುಬಾದಲ್ಲಿದ್ದ ಮಹಾ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ, ಕ್ಯಾನ್ಸರ್ ಗಡ್ಡೆಯು ಆರಂಭದಲ್ಲಿದ್ದು ಪೂರ್ತಿಯಾಗಿ ತೆಗೆಯಲು ಸಾಧ್ಯವಿರುವ ಜಾಗದಲ್ಲಿದ್ದರೆ ಕತ್ತರಿಸಿ ತೆಗೆಯಬೇಕೆಂದೂ ಹಳೆಯದಾಗಿ ಬೆಳೆದುಬಿಟ್ಟರೆ ಮುಟ್ಟಬಾರದೆಂದೂ ಬರೆದಿದ್ದರು. ಬೇಗ ಬನ್ನಿ ಎಂದು ಇಂದಿನ ವೈದ್ಯರು ಹೇಳುವುದೂ ಇದನ್ನೇ.

ಹಾಗಾದರೆ ಗಿಡಮೂಲಿಕೆಯೆಲ್ಲ ನಿಷ್ಪ್ರಯೋಜಕವೇ? ಅಲ್ಲ. ನಮ್ಮ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದಿಂದ ದೊರೆತ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಪ್ರಮುಖ ಔಷಧಿ. ಸ್ತನ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಮೂಲತಃ ಅಮೆರಿಕದ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಆ ತೊಗಟೆಯನ್ನು ಪರೀಕ್ಷೆಗೆಂದು ಸಂಗ್ರಹಿಸಿದ್ದು 1962ರಲ್ಲಿ. ಔಷಧಿಗೆ ಅಲ್ಲಿನ ಸರಕಾರದ ಅನುಮತಿ ಸಿಕ್ಕಿದ್ದು 1992ರಲ್ಲಿ. ಎಷ್ಟು ಪ್ರಮಾಣ, ಯಾವ ರೋಗಕ್ಕೆ, ಏನು ಅಪಾಯ ಎಂದು ತಿಳಿಯಲು ಮೂವತ್ತು ವರ್ಷ ಹಿಡಿಯಿತು. ಆದ್ದರಿಂದ ನಮ್ಮ ತಕರಾರು ತೊಗಟೆಯ ಮೇಲಲ್ಲ, ಪರೀಕ್ಷೆಯಿಲ್ಲದ ಭರವಸೆಯ ಮೇಲೆ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಆದರೂ ಗೋಡೆಬರಹಗಳಿಗೂ ಮೊಬೈಲ್ ಸಂದೇಶಗಳಿಗೂ ಕೊರತೆಯಿಲ್ಲ.

ಧರ್ಮದ ಹೆಸರಿನಲ್ಲಿ ಬರುವ ವಾದವನ್ನೂ ಪರಿಶೀಲಿಸೋಣ. ಶಿಫಾ ಅಲ್ಲಾಹನ ಕೈಯಲ್ಲಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಬೋಧಿಸಿದವರೂ, ಅನುಚರ ಉಬಯ್ಯ್ ಬಿನ್ ಕಅಬ್(ರ)ರ ಬಳಿಗೆ ವೈದ್ಯನನ್ನು ಕಳುಹಿಸಿದವರೂ ಪ್ರವಾದಿ(ಸ)ಯವರೇ. ವೈದ್ಯವನ್ನರಿಯದೆ ಚಿಕಿತ್ಸೆಗಿಳಿದವನು ಅದರ ಹಾನಿಗೆ ಹೊಣೆಗಾರನೆಂದೂ ಅವರು ಎಚ್ಚರಿಸಿದ್ದಾರೆ. ಒಂಟೆಯನ್ನು ಕಟ್ಟದೆ ತವಕ್ಕುಲ್‌ನ ಮಾತಾಡುವುದು ಅವರು ಕಲಿಸಿದ ಪಾಠವಲ್ಲ. ದುಆ ಮಾಡೋಣ, ಝಮ್‌ಝಮ್ ಕುಡಿಸೋಣ. ಅವು ಆಪರೇಷನ್ನಿನ ದಿನಾಂಕವನ್ನು ಮುಂದೂಡಲು ಕಾರಣವಾಗಕೂಡದು. ಕಷಾಯ, ಮಾಜೂನು ಏನೇ ಕೊಡುವುದಿದ್ದರೂ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಬೇಕು. ಕೆಲವು ಮೂಲಿಕೆಗಳು ಕೀಮೋ ಔಷಧಿಯೊಂದಿಗೆ ಸೇರಿ ತೊಂದರೆ ಉಂಟುಮಾಡಬಲ್ಲವು.

ಹಣದ ಭಯವೂ ನಿಜ. ಆದರೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದ್ದು, ಕ್ಯಾನ್ಸರ್ ಕೂಡ ಅದರಲ್ಲಿ ಸೇರಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರ್ಗಿಯಲ್ಲಿದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆಯಿದೆ. ಚಿಕಿತ್ಸೆಗೆ ನೆರವು ಸಿಕ್ಕರೂ ಬಸ್ಸಿನ ಖರ್ಚು, ವಾರಗಟ್ಟಲೆ ರೇಡಿಯೇಷನ್‌ಗೆ ಉಳಿದುಕೊಳ್ಳುವ ಕೋಣೆಯ ಬಾಡಿಗೆ, ಜೊತೆಗಿರುವ ಮಗ ಕಳೆದುಕೊಳ್ಳುವ ಕೂಲಿ ಬಡ ಕುಟುಂಬವನ್ನು ಮುರಿಯುತ್ತವೆ. ಅರ್ಧಕ್ಕೇ ಚಿಕಿತ್ಸೆ ಬಿಡುವವರಲ್ಲಿ ಇಂತಹವರಿದ್ದಾರೆ. ಮಸೀದಿಗೆ ಅಮೃತಶಿಲೆ ಹಾಸಲು ದೇಣಿಗೆ ಕೂಡಿಸುವ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಜಮಾಅತ್‌ಗಳು ಇಂತಹ ಬಡ ರೋಗಿಗಳಿಗೆ ಝಕಾತ್‌ನ ಒಂದು ಪಾಲನ್ನು ಮೀಸಲಿಟ್ಟರೆ ಎಷ್ಟು ಜೀವಗಳು ಉಳಿಯಬಹುದು! ಕಾಗದಪತ್ರ ತುಂಬಿಸಿಕೊಡಲು ಇಬ್ಬರು ಓದಿದ ಯುವಕರು ಸಾಕು.

ರೋಗ ಕೈಮೀರಿದಾಗ ತೂಗಿ ನೋಡುವ ಬಗೆ ಬೇರೆ. ಆಗ ಮಕ್ಕಳು ಕೇಳಬೇಕಾದ್ದು, ಈ ಕೀಮೋ ತಾಯಿಗೆ ಕೊಡುವುದೇನು, ಆಕೆಯಿಂದ ಕಸಿಯುವುದೇನು ಎಂದು. ನೋವು ಶಮನಕ್ಕೂ ವೈದ್ಯವಿದೆ. ಮಾರ್ಫಿನ್ ಕೊಡಿಸುವುದು ಸೋಲಲ್ಲ, ಕರುಣೆ. ಈ ಹಂತದಲ್ಲಿ ಮತ್ತಷ್ಟು ಕೀಮೋ ಬೇಡವೆನ್ನುವ ಹಕ್ಕು ತಾಯಿಗಿದೆ. ಆದರೆ ಆಕೆ ಬೇಡವೆನ್ನಬೇಕಾದರೂ ಮೊದಲು ಆಕೆಗೆ ವಿಷಯ ತಿಳಿದಿರಬೇಕಲ್ಲವೇ?

ಹೆತ್ತವರು ವೃದ್ಧಾಪ್ಯ ತಲಪಿದಾಗ ಅವರೊಂದಿಗೆ ಗೌರವದಿಂದ ಮಾತನಾಡಿರೆಂದು ಕುರ್‌ಆನ್ ಆದೇಶಿಸಿದೆ. ಅವರ ದೇಹದ ಕುರಿತು ಅವರಿಗೆ ಕೇಳಿಸದಂತೆ ತೀರ್ಮಾನಿಸುವುದು ಯಾವ ಗೌರವ? ಆ ಮನೆಯ ತಾಯಿ ಕೊನೆಯ ದಿನಗಳಲ್ಲಿ ಮಗಳೊಡನೆ ಹೇಳಿದ್ದಿಷ್ಟು: "ನನಗೆ ಮೊದಲೇ ಗೊತ್ತಿತ್ತು ಬೇಟಿ. ನೀವೆಲ್ಲ ಹೆದರುತ್ತೀರೆಂದು ಸುಮ್ಮನಿದ್ದೆ. ಕೇಳಿದ್ದರೆ ಆಪರೇಷನ್ ಮಾಡಿಸಿ ಅನ್ನುತ್ತಿದ್ದೆ."

ನಿಮ್ಮ ಮನೆಯಲ್ಲಿ ಇಂತಹ ರಾತ್ರಿ ಬರದಿರಲಿ. ಬಂದರೆ, ಸಭೆಯ ಮೊದಲ ಮಾತನ್ನು ತಾಯಿಗೆ ಬಿಡಿ. ಆಮೇಲೆ ಆಸ್ಪತ್ರೆಯ ದಿನಾಂಕ ಗೊತ್ತುಮಾಡಿ.