ಷಷ್ಠಿಯಲ್ಲಿ ಅಡಗಿದ ದಿಬ್ಬ

ಪರಭಾಷೆಯ ಶಬ್ದವೊಂದನ್ನು ಬರಮಾಡಿಕೊಳ್ಳುವಾಗ ನಾವು ಅದರ ಅರ್ಥವನ್ನು ವಿಚಾರಿಸುತ್ತೇವೆ, ವಿಭಕ್ತಿಯನ್ನು ವಿಚಾರಿಸುವುದಿಲ್ಲ. ಈ ಉಪೇಕ್ಷೆಯಿಂದಾಗುವ ಹಾನಿಗೆ ಐರಿಷ್ ಭಾಷೆಯ ‘ಶೀ’ ಎಂಬ ಶಬ್ದ ಒಳ್ಳೆಯ ನಿದರ್ಶನ.

ಇಂಗ್ಲಿಷ್ ಕಾವ್ಯದ ಮೂಲಕ ಪರಿಚಯವಾಗುವ ಈ ಶಬ್ದಕ್ಕೆ ‘ಯಕ್ಷರು’ ಎಂದೋ ‘ಅಪ್ಸರೆಯರು’ ಎಂದೋ ಅರ್ಥ ಹೇಳಿ ಮುಂದೆ ಸಾಗುವುದು ಸುಲಭ. ಆದರೆ ‘ಶೀ’ ಮೂಲತಃ ವ್ಯಕ್ತಿವಾಚಕವಲ್ಲ, ಸ್ಥಳವಾಚಕ: ಅತಿಮಾನುಷರ ನೆಲೆಯೆಂದು ಜನ ನಂಬಿದ ದಿಬ್ಬ. ಬಾಯ್ನ್ ನದಿಯ ಬಳಿ ಸುಮಾರು 5,000 ವರ್ಷಗಳ ಹಿಂದೆ ಕಟ್ಟಿದ ನ್ಯೂಗ್ರೇಂಜ್ ಸಮಾಧಿಯನ್ನೂ ಹಳೆಯ ಕಥೆಗಳು ಇಂಥದೊಂದು ದಿಬ್ಬವೆಂದೇ ಎಣಿಸಿವೆ. ಅಲ್ಲಿ ನೆಲಸಿದವರು ‘ಈಸ್ ಶೀ’, ಎಂದರೆ ದಿಬ್ಬದ ಜನ. ‘ಬ್ಯಾನ್ ಶೀ’ ಎಂದರೆ ದಿಬ್ಬದ ಹೆಣ್ಣು.

ಇಲ್ಲಿ ವ್ಯಾಕರಣವನ್ನು ಗಮನಿಸಬೇಕು. ನಮ್ಮಲ್ಲಿ ಷಷ್ಠ್ಯಂತ ಪದ ಮೊದಲು ಬರುತ್ತದೆ. ಐರಿಷಿನಲ್ಲಿ ಮೊದಲು ‘ಹೆಣ್ಣು’, ಬಳಿಕ ‘ದಿಬ್ಬದ’. ಹಳೆಯ ಐರಿಷಿನಲ್ಲಿ ಪ್ರಥಮೆಗೆ ‘ಶೀದ್’, ಷಷ್ಠಿಗೆ ‘ಶೀದೆ’ ಎಂಬ ರೂಪಭೇದ ಸ್ಪಷ್ಟವಾಗಿತ್ತು. ಕಾಲಕ್ರಮದಲ್ಲಿ ವ್ಯಂಜನ ಸವೆದು ಎರಡೂ ‘ಶೀ’ ಎಂದೇ ಆದುವು. ಪ್ರತ್ಯಯ ಸವೆಯಿತು, ಸಂಬಂಧ ಸವೆಯಲಿಲ್ಲ.

ಇಂಗ್ಲಿಷಿಗೆ ದಾಟಿದಾಗ ಆ ಸಂಬಂಧವೂ ಮರೆಯಾಯಿತು. ಕವಿ ಯೇಟ್ಸ್ 1899ರ ತಮ್ಮ ಸಂಕಲನದಲ್ಲಿ ಈ ಶಬ್ದವನ್ನು ಆ ಜನರ ಹೆಸರಾಗಿಯೇ ಬಳಸಿದರು. ಟಿಪ್ಪಣಿಯಲ್ಲಿ ದಿಬ್ಬದ ಪ್ರಸ್ತಾಪವನ್ನು ಅವರೇನೋ ಮಾಡಿದ್ದಾರೆ. ಟಿಪ್ಪಣಿ ಓದದವರಿಗೆ ದಿಬ್ಬವೇ ಇಲ್ಲ. ಇನ್ನು ‘ಬ್ಯಾನ್ ಶೀ’ ಒಂದೇ ಪದವಾಗಿ ಬೆಸೆದು ಚೀರುವ ದೆವ್ವವಾದಳು. ಐರಿಷ್ ಜನಪದದಲ್ಲಿ ಅವಳು ಕೊಲ್ಲುವವಳಲ್ಲ. ಹಳೆಯ ಮನೆತನಗಳಲ್ಲಿ ಸಾವು ಸಮೀಪಿಸಿದಾಗ ಅಳುವವಳು.

ಶಬ್ದ ದೇಶಾಂತರ ಹೋದರೆ ಅರ್ಥ ಬದಲಾಗುವುದು ಸಹಜವಲ್ಲವೆ ಎಂದು ಕೇಳಬಹುದು. ಸಹಜವೇ ಸರಿ. ಆದರೆ ಆಡುಮಾತಿಗೆ ಸಲ್ಲುವ ಈ ಸ್ವಾತಂತ್ರ್ಯ ಅನುವಾದಕನಿಗೆ ಸಲ್ಲದು. ‘ಅಪ್ಸರೆ’ ಎಂದೊಡನೆ ಇಂದ್ರಸಭೆ ಕಣ್ಣಮುಂದೆ ನಿಲ್ಲುತ್ತದೆ. ಈ ಜನವೋ ಹೊಲದ ನಡುವಿನ ಮಣ್ಣಿನ ಕೆಳಗಿನವರು. ಅವರಿಗೆ ಅಂಜಿ ರೈತರು ನೇಗಿಲು ಹೂಡದೆ ಬಿಟ್ಟುದರಿಂದಲೇ ಐರ್ಲೆಂಡಿನ ಎಷ್ಟೋ ಪ್ರಾಚೀನ ದಿಬ್ಬಗಳು, ಮಣ್ಣಿನ ಕೋಟೆಗಳು ಉಳಿದುಕೊಂಡಿವೆ. ಅವರನ್ನು ಸ್ವರ್ಗಕ್ಕೆ ಏರಿಸಿದರೆ ಆ ನೆಲದ ಮೇಲಿನ ಭಯಭಕ್ತಿಗೆ ಅರ್ಥವೇ ಉಳಿಯುವುದಿಲ್ಲ.

ಇದಕ್ಕೆ ಪರಿಹಾರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ‘ಮನೆಯವರು’, ‘ಊರವರು’ ಎಂದು ಷಷ್ಠಿಯಿಂದಲೇ ಜನರನ್ನು ಹೆಸರಿಸುವ ರೂಢಿ ಕನ್ನಡದಲ್ಲಿ ಉಂಟು. ‘ದಿಬ್ಬದವರು’ ಎಂದರೆ ಸಾಕು: ಜನವೂ ಬಂದರು, ಅವರ ನೆಲವೂ ಉಳಿಯಿತು.