ಬಿಂದಿಗೆ ಒಂದು, ಕಡತ ಐದು

ಕೋಲಾರ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಬಾಯಿ ತೆರೆದರೆ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳು ಕಾಣುತ್ತವೆ. ಎಷ್ಟು ಉಜ್ಜಿದರೂ ಹೋಗದ ಕಲೆ ಅದು. ಹೊಸ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ, ಕುಡಿದ ನೀರಿನ ಫ್ಲೋರೈಡ್ ಅಲ್ಲಿ ಮನೆ ಮಾಡಿರುತ್ತದೆ. ಅದೇ ಮನೆಯ ಅಜ್ಜಿಗೆ ಸೊಂಟ ಬಗ್ಗುವುದಿಲ್ಲ, ಮಂಡಿ ಮಡಚುವುದಿಲ್ಲ. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಆಸ್ಪತ್ರೆಯಲ್ಲಿ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ನೀರು ಎಲ್ಲಿಂದ ತರುತ್ತೀರಿ ಎಂದು ಯಾರೂ ಕೇಳುವುದಿಲ್ಲ.

ವರ್ಷವಿಡೀ ಹರಿಯುವ ನದಿಯಿಲ್ಲದ ನಾಡು ನಮ್ಮದು. ಕೆರೆಗಳಲ್ಲಿ ಹೂಳು ತುಂಬಿತು, ಕೊಳವೆಬಾವಿ ಸಾವಿರ ಅಡಿ ದಾಟಿತು. ಆಳದ ಬಂಡೆಯೊಳಗೆ ಬಹುಕಾಲ ನಿಂತ ನೀರು ಫ್ಲೋರೈಡನ್ನು ಹೊತ್ತುಕೊಂಡೇ ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲವೆಂದಾಗ 1.5ರವರೆಗೆ ಸಹಿಸಬಹುದು. ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಹೆಚ್ಚುತ್ತದೆ.

ಈ ನೀರನ್ನು ಎಲ್ಲರೂ ಒಂದೇ ಸಮ ಕುಡಿಯುತ್ತಿದ್ದಾರೆಯೇ? ಕೋಲಾರ, ಮಾಲೂರು ಪಟ್ಟಣಗಳ ಅನುಕೂಲಸ್ಥರ ಮನೆಗೆ ಕ್ಯಾನ್ ಬರುತ್ತದೆ, ಅಡುಗೆಮನೆಯಲ್ಲಿ ಫಿಲ್ಟರ್ ಇದೆ. ಶ್ರೀನಿವಾಸಪುರದ ಮಾವಿನ ತೋಟಕ್ಕೆ ಕೂಲಿಗೆ ಹೋದವಳು ಅಲ್ಲಿಯ ಬೋರಿನ ಪೈಪಿಗೇ ಬೊಗಸೆಯೊಡ್ಡುತ್ತಾಳೆ. ಬಿಸಿಲಲ್ಲಿ ದುಡಿಯುವ ದೇಹಕ್ಕೆ ನೀರು ಹೆಚ್ಚು ಬೇಕು, ಹಾಗಾಗಿ ವಿಷವೂ ಹೆಚ್ಚು ಸೇರುತ್ತದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಹಣವಿದ್ದವನು ಬೈಕಿನಲ್ಲಿ ಪಕ್ಕದ ಊರಿಂದ ತರುತ್ತಾನೆ. ಕೂಲಿಯವರ ಮನೆ ಮತ್ತೆ ಹಳೆಯ ಮಿನಿ ಟ್ಯಾಂಕಿನ ನಲ್ಲಿಗೇ ಬಿಂದಿಗೆ ಹಿಡಿಯುತ್ತದೆ. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿಯವರ ಪಾಲು ರಾಜ್ಯದಲ್ಲೇ ಹೆಚ್ಚಿರುವ ಜಿಲ್ಲೆ ಇದು, ನೂರಕ್ಕೆ ಮೂವತ್ತು. ಅವರಲ್ಲಿ ಭೂಮಿಯಿಲ್ಲದವರ ಮನೆಯ ಎಲುಬುಗಳನ್ನು ಈ ನೀರು ತಿನ್ನುತ್ತಿದೆ.

ನನ್ನನ್ನು ಸಿಟ್ಟಿಗೆಬ್ಬಿಸುವುದು ಇದು: ಇದೆಲ್ಲ ಸರ್ಕಾರಕ್ಕೆ ಗೊತ್ತಿದೆ, ಆದರೆ ತುಂಡುತುಂಡಾಗಿ. ಫ್ಲೋರೈಡ್ ಎಷ್ಟೆಂಬ ಲೆಕ್ಕ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿದೆ. ಮಕ್ಕಳ ಹಲ್ಲು ದಿನವೂ ಮೇಷ್ಟರ ಕಣ್ಣಿಗೆ ಬೀಳುತ್ತದೆ. ಅಜ್ಜಿಯ ನೋವು ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿದೆ. ದೇಹಕ್ಕೆ ಸುಣ್ಣದ ಅಂಶ ಚೆನ್ನಾಗಿ ಸಿಕ್ಕರೆ ಫ್ಲೋರೈಡಿನ ಹೊಡೆತ ತಗ್ಗುತ್ತದೆ. ಆ ಅಂಶವಿರುವ ಹಾಲು ಅಂಗನವಾಡಿ, ಶಾಲೆಗಳ ಕೈಯಲ್ಲಿದೆ. ಘಟಕದ ರಿಪೇರಿ ಪಂಚಾಯಿತಿಯ ತಲೆನೋವು. ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಒಬ್ಬೊಬ್ಬ ಅಧಿಕಾರಿಯೂ ತಮ್ಮ ಇಲಾಖೆಯ ಪ್ರಗತಿ ಓದಿ ಕೂರುತ್ತಾರೆ. ಐದೂ ಕಡತಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚುವವರಿಲ್ಲ.

ದೊಡ್ಡ ಯೋಜನೆಗಳು ಬರಲಿ. ಯರಗೋಳ್ ಅಣೆಕಟ್ಟು 2023ರಲ್ಲಿ ಉದ್ಘಾಟನೆಯಾಯಿತು, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು 2018ರಿಂದ ಕೆರೆ ತುಂಬುತ್ತಿದೆ, ಆದರೆ ಅದು ಕುಡಿಯುವುದಕ್ಕಲ್ಲ. ಎತ್ತಿನಹೊಳೆ ಯೋಜನೆಯ ನೀರಿಗೆ ಕಾಯುತ್ತಲೇ ಇದ್ದೇವೆ. ಮಗುವಿನ ಹಲ್ಲು ಕಾಯುವುದಿಲ್ಲ. ಎಂಟು ವರ್ಷ ತುಂಬುವ ಹೊತ್ತಿಗೆ ಕಾಣುವ ಹಲ್ಲುಗಳ ಹಣೆಬರಹ ಬರೆದು ಮುಗಿದಿರುತ್ತದೆ.

ಈ ಇಲಾಖೆಗಳು ಒಟ್ಟಿಗೆ ಕೂರಲು ಹೊಸ ಆದೇಶವೂ ಬೇಕಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದು ಕಾಗದದ ಮೇಲೆ ಪ್ರತಿ ಹಳ್ಳಿಗೂ ಇದೆ. ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು ಅದರಲ್ಲಿದ್ದಾರೆ. ನೀರು ಪರೀಕ್ಷಿಸುವ ಕಿಟ್ ಹಿಡಿಯಲು ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವುದು ಜಲಜೀವನ್ ಯೋಜನೆಯಲ್ಲೇ ಇದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೇ, ತಿಂಗಳಿಗೊಮ್ಮೆ ಈ ಸಮಿತಿಯನ್ನು ಕರೆಯಿರಿ, ನೀರಿನ ಇಲಾಖೆಯ ಎಂಜಿನಿಯರನ್ನೂ ವೈದ್ಯರನ್ನೂ ಕೂರಿಸಿ. ಫ್ಲೋರೈಡಿನ ಅಂಕಿಯನ್ನು ಪ್ರತಿ ಟ್ಯಾಂಕಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಮೇಷ್ಟ್ರೇ, ಕಂದು ಹಲ್ಲಿನ ಮಕ್ಕಳ ಲೆಕ್ಕವನ್ನು ಎಂಜಿನಿಯರಿಗೆ ಕೊಡಿ. ಆ ಲೆಕ್ಕ ಹೆಚ್ಚಿರುವ ಊರಿನ ಘಟಕ ಮೊದಲು ರಿಪೇರಿಯಾಗಲಿ. ಡಾಕ್ಟ್ರೇ, ಮಂಡಿನೋವೆಂದು ಬಂದವರ ಚೀಟಿಯಲ್ಲಿ ಅವರು ಕುಡಿಯುವ ನೀರಿನ ಮೂಲವನ್ನೂ ಬರೆಯಿರಿ. ಗರ್ಭಿಣಿಯರಿರುವ ಬಡವರ ಮನೆಗೆ ಶುದ್ಧ ನೀರಿನ ಘಟಕಕ್ಕೆ ಹಾಕುವ ನಾಣ್ಯದ ಹಣವನ್ನು ಪಂಚಾಯಿತಿಯೇ ಕಟ್ಟಲಿ. ತೋಟದ ಯಜಮಾನರೇ, ಆಳುಗಳ ಬುತ್ತಿಯ ಜೊತೆ ಒಂದು ಕ್ಯಾನ್ ನೀರೂ ಹೊಲಕ್ಕೆ ಹೋಗಲಿ.

ಉಳಿದ ನಾವೆಲ್ಲ ಮುಂದಿನ ಗ್ರಾಮಸಭೆಗೆ ಹೋಗೋಣ. ನಮ್ಮೂರ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಘಟಕ ಎಂದು ಸರಿಯಾಗುತ್ತದೆ ಎಂದು ಕೇಳೋಣ. ಉತ್ತರ ನಡಾವಳಿ ಪುಸ್ತಕದಲ್ಲಿ ತಾರೀಖಿನ ಸಮೇತ ದಾಖಲಾಗುವವರೆಗೆ ಯಾರೂ ಎದ್ದು ಹೋಗುವುದು ಬೇಡ.